ಭಾಗಾಕಾರದಲ್ಲಿ ಕಳೆದುಹೋದ ದಿಕ್ಕು

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಸೊರಬ ತಾಲ್ಲೂಕಿನ ಗುಡವಿ ಸಮೀಪದ ಒಂದು ಪ್ರೌಢಶಾಲೆ. ಮಳೆಗಾಲದಲ್ಲಿ ಗುಡವಿ ಪಕ್ಷಿಧಾಮದ ಕೆರೆಗೆ ಬಿಳಿ ಕೆಂಬರಲುಗಳು ಗೂಡು ಕಟ್ಟಲು ಬರುತ್ತವೆ. ಹತ್ತನೇ ತರಗತಿಗೆ ತ್ರಿಕೋನಮಿತಿ ಮುಗಿಸಿದ ಮೇಲೆ ಅದರ ಉಪಯೋಗ ತೋರಿಸಲು ಆ ಗೂಡುಗಳನ್ನೇ ಬಳಸಿಕೊಂಡೆ.

ಪಾಠ ಯೋಜನೆ ಸರಳವಾಗಿತ್ತು. ಕೆರೆಯ ಅಂದಾಜು ನಕ್ಷೆ ಗ್ರಾಫ್ ಹಾಳೆಯ ಮೇಲೆ. ವೀಕ್ಷಣಾ ಗೋಪುರ ಮೂಲಬಿಂದು. ಪೂರ್ವಕ್ಕೆ ಎಕ್ಸ್ ಅಕ್ಷ, ಉತ್ತರಕ್ಕೆ ವೈ ಅಕ್ಷ. ಗೂಡಿನ ನಿರ್ದೇಶಾಂಕ ಕೊಟ್ಟರೆ ಅದು ಯಾವ ದಿಕ್ಕಿನಲ್ಲಿದೆ ಎಂದು ನನ್ನ ಲ್ಯಾಪ್‌ಟಾಪ್‌ನ ಪೈಥಾನ್ ಪ್ರೋಗ್ರಾಂ ಹೇಳಬೇಕು. ವೈಯನ್ನು ಎಕ್ಸ್‌ನಿಂದ ಭಾಗಿಸಿ, ಟ್ಯಾನ್‌ನ ವಿಲೋಮ ಫಲನಕ್ಕೆ ಕೊಟ್ಟಿದ್ದೆ. (30, 30)ಕ್ಕೆ 0.785 ಬಂತು. ಪೈಥಾನ್ ಉತ್ತರಿಸುವುದು ರೇಡಿಯನ್‌ನಲ್ಲಿ. ಡಿಗ್ರಿಗೆ ಬದಲಿಸಿದಾಗ 45. ಅಂದರೆ ಈಶಾನ್ಯ. ಮಕ್ಕಳಿಗೆ ಖುಷಿ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು (-30, -30) ಕೊಟ್ಟಳು. ಮತ್ತೆ 45.

"ಸರ್, ನನ್ನ ಗೂಡು ನೈಋತ್ಯಕ್ಕಿದೆ. ಇದು ಈಶಾನ್ಯ ಅಂತಿದೆಯಲ್ಲ?"

ಗಂಟೆ ಹೊಡೆಯುವ ಹೊತ್ತಾಗಿತ್ತು. "ಚಿಹ್ನೆ ಸರಿಯಾಗಿ ಹಾಕಿಲ್ಲ, ನೋಡ್ಕೋ" ಎಂದುಬಿಟ್ಟೆ. ಅವಳು ಮಾತಾಡದೆ ಕುಳಿತಳು.

ರಾತ್ರಿ ಲೆಕ್ಕ ಮಾಡಿ ನೋಡಿದೆ. ಎರಡು ಋಣ ಸಂಖ್ಯೆಗಳನ್ನು ಭಾಗಿಸಿದರೆ ಧನ ಸಂಖ್ಯೆ. ಎರಡೂ ಗೂಡುಗಳಿಗೆ ಭಾಗಲಬ್ಧ 1. ಚಿಹ್ನೆ ಅಳಿಸಿದ್ದು ಅವಳಲ್ಲ, ನನ್ನ ಭಾಗಾಕಾರ. ಟ್ಯಾನ್‌ನ ವಿಲೋಮ -90 ಮತ್ತು 90 ಡಿಗ್ರಿಗಳ ನಡುವೆ ಮಾತ್ರ ಉತ್ತರ ಕೊಡುತ್ತದೆ. ಪಿಯುಸಿಯಲ್ಲಿ ಈ ವ್ಯಾಪ್ತಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಗೋಪುರದ ಪಶ್ಚಿಮಕ್ಕಿರುವ ಯಾವ ಗೂಡನ್ನೂ ನನ್ನ ಪ್ರೋಗ್ರಾಂ ಸರಿಯಾಗಿ ತೋರಿಸಲಾರದು. ನೇರ ಉತ್ತರಕ್ಕಿದ್ದರೆ ಸೊನ್ನೆಯಿಂದ ಭಾಗಿಸಲಾಗದೆ ನಿಂತೇ ಹೋಗುತ್ತದೆ.

ಇದಕ್ಕೆಂದೇ ಪೈಥಾನ್‌ನಲ್ಲಿ 'ಎಟ್ಯಾನ್2' ಎಂಬ ಫಲನವಿದೆ. ಅದು ಭಾಗಲಬ್ಧವನ್ನು ಕೇಳುವುದಿಲ್ಲ. ವೈ ಮೊದಲು, ಎಕ್ಸ್ ಆಮೇಲೆ, ಎರಡನ್ನೂ ಬೇರೆಬೇರೆಯಾಗಿ ಪಡೆದು, ಚಿಹ್ನೆ ನೋಡಿ ಚತುರ್ಥಕ ನಿರ್ಧರಿಸುತ್ತದೆ.

ಮರುದಿನ ತರಗತಿಯ ಎದುರೇ "ನಿನ್ನೆ ತಪ್ಪಿದ್ದು ನಾನು, ಅವಳಲ್ಲ" ಎಂದು ಹೇಳಿ, ಅವಳ ಕೈಯಲ್ಲೇ ಆ ಸಾಲು ತಿದ್ದಿಸಿದೆ. -135 ಬಂತು. "ಕೋನ ಮೈನಸ್ ಅಂದ್ರೆ ಏನು ಸರ್?" ಎಂದ ಒಬ್ಬ ಹುಡುಗ. ನಾನು ಬಾಯಿ ತೆರೆಯುವ ಮೊದಲೇ ಅವಳು ಹಲಗೆಯ ಮೇಲೆ ಪೂರ್ವದಿಂದ ಗಡಿಯಾರದ ಮುಳ್ಳಿನಂತೆ ಬೆರಳು ಸರಿಸಿ, ದಕ್ಷಿಣ ದಾಟಿ, ನೈಋತ್ಯದಲ್ಲಿ ನಿಲ್ಲಿಸಿದಳು.

ನಾನು ಪರೀಕ್ಷಿಸಿಕೊಂಡು ಹೋಗಿದ್ದು (30, 30) ಒಂದನ್ನೇ. ಈಗ ಪಾಠ ಯೋಜನೆಯಲ್ಲಿ ಪ್ರತಿ ಚತುರ್ಥಕಕ್ಕೊಂದು, ಪ್ರತಿ ಅಕ್ಷಕ್ಕೊಂದು ಬಿಂದು ಬರೆದುಕೊಳ್ಳುತ್ತೇನೆ. ಮಗು "ಅದು ಹಾಗಿಲ್ಲ" ಎಂದರೆ ಮೊದಲು ನನ್ನ ಸಾಲನ್ನೇ ಓದುತ್ತೇನೆ.