ಹೊಳೆ ದಂಡೆಯ ಊರಲ್ಲಿ ಒಂದು ರಾತ್ರಿ

ನಮ್ಮ ಹರಿಯಬ್ಬೆಗೆ ಹೊಳೆ ಇಲ್ಲ. ಮಳೆ ಬಂದರೆ ಹಳ್ಳ ಹರಿಯುತ್ತೆ, ಇಲ್ಲಾಂದ್ರೆ ಬೋರ್ ನೀರೇ ಗತಿ. ಆದ್ದರಿಂದ ಕಳೆದ ಬೇಸಿಗೆ ರಜೆಯಲ್ಲಿ ಅಪ್ಪ ಕುರಿ ತರಲು ವೇದಾವತಿ ಹೊಳೆ ದಂಡೆಯ ಹಳ್ಳಿಗೆ ಹೊರಟಾಗ ನಾನೂ ಹಟ ಮಾಡಿ ಹೋದೆ. ನಮ್ಮ ಹಿರಿಯೂರು ತಾಲ್ಲೂಕಿನ ಕೂಡ್ಲಹಳ್ಳಿ ಹತ್ತಿರ ಸುವರ್ಣಮುಖಿ ನದಿ ವೇದಾವತಿಗೆ ಸೇರುತ್ತದೆ. ನಾವು ಹೋದ ಊರು ಅದರ ಆಚೆಗಿದೆ.

ವ್ಯಾಪಾರ ಮುಗಿಯುವಷ್ಟರಲ್ಲಿ ಕೊನೆ ಬಸ್ಸು ಹೋಗಿತ್ತು. ಕುರಿ ಮಾರಿದ ಮನೆಯವರು "ಕತ್ತಲಲ್ಲಿ ಎಲ್ಲಿಗೆ ಹೋಗ್ತೀರಿ, ಇಲ್ಲೇ ಉಳ್ಕೊಳ್ಳಿ" ಅಂದರು. ಬಿಸಿ ಮುದ್ದೆ, ಹುರುಳಿಕಾಳು ಸಾರು ಬಡಿಸಿದರು. ಪಕ್ಕದ ಮನೆಯ ಅಕ್ಕ ಮಜ್ಜಿಗೆ ತಂದುಕೊಟ್ಟರು. ಎದುರು ಮನೆಯವರು ಕಂಬಳಿ ಕೊಟ್ಟರು. ನಾವು ಅವರಿಗೆ ನೆಂಟರಲ್ಲ, ಆದರೂ ಮೂರು ಮನೆಯವರು ನಮ್ಮನ್ನು ನೋಡಿಕೊಂಡರು. ಮಾಳಿಗೆ ಮೇಲೆ ಮಲಗಿ, ಹೊಳೆ ನೀರಿನ ಸದ್ದು ಕೇಳಬಹುದೆಂದು ಬಹಳ ಹೊತ್ತು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ.

ಬೆಳಿಗ್ಗೆ ನೋಡಿದರೆ ಹೊಳೆ ತುಂಬ ಬರೀ ಮರಳು! "ಅಜ್ಜಿ, ನೀರೆಲ್ಲಿ?" ಅಂದೆ. ಆ ಮನೆಯ ಅಜ್ಜಿ ನಕ್ಕು, "ಬಾ ಮಗ, ತೋರಿಸ್ತೀನಿ" ಎಂದು ಬಿಂದಿಗೆ, ತೆಂಗಿನ ಚಿಪ್ಪು ತಗೊಂಡು ಹೊರಟರು. ಹೊಳೆ ನಡುವೆ ಕೂತು ಇಬ್ಬರೂ ಮರಳು ತೋಡಿದೆವು. ಮೊದಲು ಹಸಿ ಮರಳು, ಆಮೇಲೆ ಕೆಂಪು ನೀರು. ಅದನ್ನು ಎರಡು ಮೂರು ಸಲ ಮೊಗೆದು ಚೆಲ್ಲಿ ಸುಮ್ಮನೆ ಕೂತೆವು. ಸ್ವಲ್ಪ ಹೊತ್ತಿಗೆ ತಿಳಿನೀರು ತುಂಬಿತು. ಇದೇ ಒರತೆ. ಚಿಪ್ಪಿನಲ್ಲಿ ಮೊಗೆದು ಬಟ್ಟೆ ಕಟ್ಟಿದ ಬಿಂದಿಗೆಗೆ ಸುರಿದೆವು. ಕುಡಿದೆ, ತಣ್ಣಗೆ ಸಿಹಿಯಾಗಿತ್ತು. ಮನೆ ಮುಂದೆ ನಲ್ಲಿ ಇದ್ದರೂ, ಬೇಳೆ ಚೆನ್ನಾಗಿ ಬೇಯುತ್ತೆ ಅಂತ ಅಜ್ಜಿ ಅಡುಗೆಗೆ ಒರತೆ ನೀರನ್ನೇ ತರುತ್ತಾರಂತೆ.

ಮೇಲ್ಗಡೆ ವಾಣಿ ವಿಲಾಸ ಸಾಗರ ಇದೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. "ಆ ವರ್ಷ ಹೊಳೆ ಎರಡೂ ದಡ ಮುಟ್ಟಿ ಹರೀತು. ನಾವೆಲ್ಲ ಅರಿಶಿನ ಕುಂಕುಮ ಬಿಟ್ಟು ಕೈ ಮುಗಿದ್ವಿ" ಅಂದರು ಅಜ್ಜಿ.

ಸ್ವಲ್ಪ ದೂರದಲ್ಲಿ ದೊಡ್ಡ ದೊಡ್ಡ ಗುಂಡಿಗಳಿದ್ದವು. ಲಾರಿಗಳವರು ಮರಳು ತುಂಬಿಕೊಂಡು ಹೋದ ಜಾಗವಂತೆ. "ಮೊದ್ಲು ಮೊಣಕೈ ಉದ್ದ ತೋಡಿದ್ರೆ ನೀರು ಸಿಗ್ತಿತ್ತು. ಈಗ ಆ ಕಡೆ ಆಳುದ್ದ ತೋಡಿದ್ರೂ ಇಲ್ಲ. ಮರಳೇ ಹೊಳೆ ಕಣಪ್ಪ. ಮರಳು ಹೋದ ಮೇಲೆ ನೀರೆಲ್ಲಿ ಕೂರುತ್ತೆ?" ಎಂದು ಅಜ್ಜಿ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಊರಿಗೆ ಬಂದು ಗುರುಗಳನ್ನು ಕೇಳಿದೆ. ಮರಳಿನ ಸಂದಿಯಲ್ಲಿ ನೀರು ನಿಲ್ಲುತ್ತದೆ, ಅಡಿಯಲ್ಲಿರುವ ನೀರು ಬಿಸಿಲಿಗೆ ಬೇಗ ಆರುವುದಿಲ್ಲ, ನಿಧಾನವಾಗಿ ಇಳಿದು ಬಾವಿ, ಬೋರ್‌ಗಳಿಗೂ ಸೇರುತ್ತದೆ ಎಂದು ಅವರು ತಿಳಿಸಿದರು. ಶಾಲೆಗೆ ಹೋಗದ ಅಜ್ಜಿ ಹೇಳಿದ್ದೂ ಅದನ್ನೇ!

ಗೆಳೆಯರೇ, ನಮಗೆ ಹೊಳೆ ಇಲ್ಲದಿದ್ದರೂ ಹಳ್ಳ ಇದೆ, ಅದರಲ್ಲೂ ಮರಳಿದೆ. ಮುಂದಿನ ಮಳೆ ನಿಂತ ಮೇಲೆ ಎಲ್ಲರೂ ಹೋಗಿ ಒಂದು ಒರತೆ ತೋಡೋಣ. ಎಷ್ಟು ಆಳಕ್ಕೆ ನೀರು ಸಿಕ್ಕಿತು ಎಂದು ಅಳೆದು, ಪ್ರತಿ ವರ್ಷವೂ ಈ ಗೋಡೆ ಪತ್ರಿಕೆಯಲ್ಲಿ ಬರೆಯೋಣ. ಬರ್ತೀರಲ್ವಾ?

— 7ನೇ ತರಗತಿ ವಿದ್ಯಾರ್ಥಿ