ಎಂಜಿನ್ನಿಗೆ ಮುಪ್ಪು

ಮನುಷ್ಯನಿಗೆ ಕೆಮ್ಮು ಬಂದರೆ ಕಷಾಯ ಹೇಳುವವರು ಹತ್ತು ಮಂದಿ. ಕಾರಿಗೆ ಕೆಮ್ಮು ಬಂದರೆ ಹೇಳುವವರು ನೂರು ಮಂದಿ. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಈ ವಿಷಯವಾಗಿ ಅಭಿಪ್ರಾಯವಿಲ್ಲದವರು ಯಾರೂ ಇರಲಿಲ್ಲ. "ಗುಜರಿಗೆ ಹಾಕಿ ಸ್ವಾಮಿ" ಎಂದರು ಪಕ್ಕದ ಮನೆಯವರು. "ಬೇರೆ ಎಂಜಿನ್ ಕೂರಿಸಿ" ಎಂದರು ಎದುರು ಮನೆಯವರು. "ಹೀಗೇ ಓಡಿಸಿ, ನಿಂತ ದಿನ ನೋಡೋಣ" ಎಂದರು ಮೂರನೆಯವರು. ಇವರ ಬಳಿ ಕಾರಿರಲಿಲ್ಲ.

ರೋಗಿಯೆಂದರೆ ನಮ್ಮ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ವಂಶ; ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಜನನ. ನಾಲ್ಕು ಸಿಲಿಂಡರು, ಒಂದೊಂದರ ಅಗಲ 68 ಮಿಲಿಮೀಟರ್. ಒಟ್ಟು 1089 ಸಿ.ಸಿ. ಸ್ವಲ್ಪ ಕಾಲದಿಂದ ಪೆಟ್ರೋಲಿನ ಜೊತೆಗೆ ಎಂಜಿನ್ ಆಯಿಲನ್ನೂ ಕುಡಿಯುವ ಚಟ ಹತ್ತಿತ್ತು. ಹೆಬ್ಬಾಳದ ಮೇಲ್ಸೇತುವೆ ಏರುವಾಗ ಹಿಂದೆ ನೀಲಿ ಹೊಗೆಯ ತೆರೆಯೇ ಏಳುತ್ತಿತ್ತು.

ಯಶವಂತಪುರದ ಮೇಸ್ತ್ರಿ ಹೊಗೆಯ ಬಣ್ಣದಿಂದಲೇ ಅರ್ಧ ರೋಗ ಹೇಳಿದರು. ಕಪ್ಪಾದರೆ ಪೆಟ್ರೋಲು ಹೆಚ್ಚು. ಬಿಳಿಯ ಹೊಗೆ ಬಿಡದೆ ಬಂದರೆ ಒಳಗೆ ನೀರು ಸೇರಿದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜು ಹಿಡಿದು ಒತ್ತಡ ಅಳೆದರು. ಕಡಿಮೆ. ಅದೇ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ಮುಳ್ಳು ಏರಿತು. "ವಾಲ್ವ್ ಅಲ್ಲ ಸಾರ್, ರಿಂಗ್ ಹೋಗಿದೆ, ಬೋರ್ ಸವೆದಿದೆ" ಎಂದರು. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಬಿದ್ದ ಸಂದನ್ನು ಆ ಚಮಚ ಆಯಿಲ್ ಕ್ಷಣಕಾಲ ಮುಚ್ಚಿತ್ತು. ವಾಲ್ವಿನ ದೋಷವಾಗಿದ್ದರೆ ಮುಳ್ಳು ಕದಲುತ್ತಿರಲಿಲ್ಲ.

ಇನ್ನು ದಾರಿ ಯಾವುದು? ಗುಜರಿಯಿಂದ ಇನ್ನೊಂದು ಪದ್ಮಿನಿಯ ಎಂಜಿನ್ ತರಬಹುದು. ಆದರೆ ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಮುಂಬಯಿಯ ಟ್ಯಾಕ್ಸಿಗಳ ಪೈಕಿ ಕೊನೆಯ ಪದ್ಮಿನಿಗೂ 2023ರ ಅಕ್ಟೋಬರಿನಲ್ಲಿ ವಯಸ್ಸಿನ ಮಿತಿ ಮುಗಿಯಿತು. ಗುಜರಿಯಲ್ಲಿ ಸಿಗುವುದು ನಮ್ಮದಕ್ಕಿಂತ ಮುದಿಯೋ ಹೇಗೋ, ಅದರ ಜಾತಕ ಬಲ್ಲವರಾರು? ಬೇರೆ ಜಾತಿಯ ಎಂಜಿನ್ ಕೂರಿಸಬಹುದು. ಅಂಬಾಸಡರಿಗೆ 1990ರ ದಶಕದಲ್ಲಿ ಇಸುಜು ಎಂಜಿನ್ ಬಂದಿತಲ್ಲವೇ ಎಂದು ಎದುರು ಮನೆಯವರ ವಾದ. ಬಂದಿತು ನಿಜ, ಮಾಡಿದ್ದು ಕಾರ್ಖಾನೆ, ಗೇರ್ ಬಾಕ್ಸನ್ನೂ ಅದಕ್ಕೆ ತಕ್ಕಂತೆ ಬದಲಿಸಿತು. ಅದೂ ಅಲ್ಲದೆ ಎಂಜಿನ್ ನಂಬರು ಆರ್.ಸಿ. ಪುಸ್ತಕದಲ್ಲಿದೆ, ಎಂಜಿನ್ ಬದಲಾದರೆ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಬೇಕು. ಇದ್ದದ್ದನ್ನೇ ಬೋರ್ ಮಾಡಿಸಿದರೆ ನಂಬರು ಹಾಗೆಯೇ ಉಳಿಯುತ್ತದೆ.

ಬೋರ್ ಮಾಡಿಸುವುದೆಂದರೆ ಏನೆಂದು ತಿಳಿದ ಮೇಲೆ ನನಗೆ ಯೋಚನೆ ಹೆಚ್ಚಾಯಿತು. ಸವೆದ ಗೋಡೆಗೆ ಯಾರೂ ಕಬ್ಬಿಣ ಕೂಡಿಸುವುದಿಲ್ಲ. ಇನ್ನಷ್ಟು ಕೊರೆದು, ದುಂಡಗೆ ನಯ ಮಾಡಿ, ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇಂಚಿನ ಸಾವಿರದ ಒಂದು ಪಾಲಿಗೆ ಮೇಸ್ತ್ರಿಗಳ ಭಾಷೆಯಲ್ಲಿ 'ಥೌ' ಎಂದು ಹೆಸರು. ನಮ್ಮ ಎಂಜಿನ್ ಹಿಂದೊಮ್ಮೆ 20 ಥೌ, ಅಂದರೆ ಅರ್ಧ ಮಿಲಿಮೀಟರ್, ಕೊಟ್ಟಾಗಿತ್ತು. "ಈಗ ಇನ್ನೊಂದು 20 ಕೊಡುತ್ತೆ. ಆಮೇಲೆ ಬೋರ್ ಇಲ್ಲ ಸಾರ್, ಸ್ಲೀವ್ ಹಾಕಬೇಕು" ಎಂದರು ಮೇಸ್ತ್ರಿ. ಹಳೆಯದನ್ನು ಹೊಸದು ಮಾಡುವುದೆಂದು ನಾನು ತಿಳಿದಿದ್ದೆ. ಹಾಗಲ್ಲ, ಉಳಿದ ಗಂಟಿನಿಂದ ಇನ್ನೊಂದು ಹಿಡಿ ತೆಗೆದು ಖರ್ಚು ಮಾಡುವುದು.

ಖರ್ಚಿನ ಪಟ್ಟಿ ಬರೆದೆವು: ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ಟು, ಲೇತಿನ ಕೆಲಸ, ಕೂಲಿ. ಕಾರನ್ನು ಮಾರಿದರೆ ಬರುವುದಕ್ಕಿಂತ ಹೆಚ್ಚಾಯಿತು. "ಮೂಗಿಗಿಂತ ಮೂಗುತಿ ಭಾರ" ಎಂದರು ಮನೆಯವರು. ಲೆಕ್ಕ ಸರಿಯೇ. ಆದರೆ ಮಾರಿದರೆ ಹೊಗೆಯೇನೂ ನಿಲ್ಲುವುದಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಏಳುತ್ತದೆ. ಹೀಗೇ ಓಡಿಸಿದರೆ ಖರ್ಚು ತಪ್ಪಿತೆಂದೂ ಅಲ್ಲ. ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಶಾಲೆಗೆ ಕರೆದೊಯ್ಯುವ ತಾಯಿ ಅದನ್ನು ತನ್ನ ಉಸಿರಿನಿಂದ ಕೊಡುತ್ತಾಳೆ. ಹಳೆಯ ಕಾರಿನ ಮೇಲೆ ನನಗಿರುವ ಮಮತೆಗೆ ಆಕೆ ಏಕೆ ತೆರಿಗೆ ಕಟ್ಟಬೇಕು? ಇಟ್ಟುಕೊಳ್ಳುವುದಾದರೆ ನೆಟ್ಟಗೆ ಮಾಡಿಸಬೇಕು; ಆಗದಿದ್ದರೆ ನಿಲ್ಲಿಸಬೇಕು. ಪ್ರಶ್ನೆಯನ್ನು ಹೀಗೆ ಕೇಳಿಕೊಂಡಾಗ ಮೂರನೆಯ ಮಹನೀಯರ ಸಲಹೆ ತಾನಾಗಿ ಬಿದ್ದುಹೋಯಿತು.

ಉಳಿದ ಸಂಶಯವನ್ನು ಮೇಸ್ತ್ರಿಯೇ ತೀರಿಸಿದರು. "ಕಾರ್ಬುರೇಟರ್ ಬಿಚ್ಚಿ ಕಟ್ಟೋ ಹುಡುಗರು ಈಗ ಬರೋದಿಲ್ಲ. ಮಾಡಿಸೋದಾದರೆ ನಾನಿರುವಾಗಲೇ ಮಾಡಿಸಿಬಿಡಿ ಸಾರ್" ಎಂದರು. ಕಬ್ಬಿಣದಲ್ಲಿ 20 ಥೌ ಉಳಿದಿದೆ, ಕೆಲಸ ಬಲ್ಲ ಕೈಯೂ ಇದೆ. ಎರಡೂ ಕೂಡಿರುವ ಕಾಲ ಮತ್ತೆ ಬರುವುದಿಲ್ಲ. ಒಪ್ಪಿಕೊಂಡೆ.

ಮೂರು ವಾರದ ಮೇಲೆ ಕಾರು ಹಿಂದಿರುಗಿತು. ಹೊಸ ರಿಂಗು ಹೊಸ ಗೋಡೆಗೆ ಒಗ್ಗುವ ತನಕ ಆತುರ ಕೂಡದು. "ಮೊದಲ ಸಾವಿರ ಕಿಲೋಮೀಟರ್ ಓಡಿಸಬೇಡಿ, ನಡೆಸಿ" ಎಂದು ಮೇಸ್ತ್ರಿಯ ಅಪ್ಪಣೆ. ಅದರಂತೆ ಬಳ್ಳಾರಿ ರಸ್ತೆಯ ಎಡ ಅಂಚು ಹಿಡಿದು ಯಲಹಂಕದವರೆಗೆ ಹೋಗಿ ಬರುತ್ತಿದ್ದೇನೆ. ವಿಮಾನದ ಹೊತ್ತಿಗೆ ದೇವನಹಳ್ಳಿ ಮುಟ್ಟಬೇಕಾದವರು ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಅವರ ಮೂಗಿಗೆ ನೀಲಿ ಹೊಗೆಯಂತೂ ಬಡಿಯುತ್ತಿಲ್ಲ.