ಗಂಡಕಿಯ ಕಲ್ಲು

ನಮ್ಮ ಮನೆಯ ಸಾಲಿಗ್ರಾಮಗಳನ್ನು ಮೂವತ್ತೊಂದು ವರ್ಷದಿಂದ ನೋಡುತ್ತಿದ್ದೇನೆ, ಮುಟ್ಟಿದವಳಲ್ಲ. ಹೆಂಗಸರು ಮುಟ್ಟಬಾರದೆಂಬುದು ನಮ್ಮಲ್ಲಿಯ ಪದ್ಧತಿ. ಹುಣಸೆಹಣ್ಣು ಹಾಕಿ ಪಾತ್ರೆ ಬೆಳಗುವುದು, ಮಡಿಯುಟ್ಟು ನೈವೇದ್ಯಕ್ಕೆ ಬೇಯಿಸುವುದು ನಮ್ಮ ಪಾಲು; ಅಭಿಷೇಕ ಗಂಡಸರದು. ಅತ್ತೆಯವರಂತೂ ಅರವತ್ತು ವರ್ಷ ಹೀಗೆಯೇ ಕಳೆದವರು.

ಹೋದ ವರ್ಷ ಇವರ ಜೊತೆ ನೇಪಾಳದ ಮುಕ್ತಿನಾಥಕ್ಕೆ ಹೋಗಿದ್ದೆ. ಹಿಮಾಲಯವೆಂದರೆ ಹಸಿರು ಕಾಡು ಎಂದುಕೊಂಡಿದ್ದವಳಿಗೆ ಮುಸ್ತಾಂಗ್ ಕಂಡು ದಿಗಿಲಾಯಿತು. ಮಳೆಯ ಮೋಡಗಳನ್ನೆಲ್ಲ ಅನ್ನಪೂರ್ಣಾ, ಧವಳಗಿರಿ ಆಚೆಯೇ ತಡೆದುಬಿಡುತ್ತವೆ. ಈಚೆಗೆ ಬರೀ ಬೋಳು ಬೆಟ್ಟ, ಧೂಳು. ಹಸಿರೇನಿದ್ದರೂ ಹಳ್ಳಿಗಳ ಸುತ್ತಲಿನ ಬಾರ್ಲಿ ಹೊಲ, ಸೇಬಿನ ತೋಟಗಳಲ್ಲಿ. ಮಧ್ಯೆ ಕಾಳಿ ಗಂಡಕಿ, ಅಗಲವಾದ ಕಲ್ಲಿನ ಹಾಸಿನಲ್ಲಿ ಬೂದುಬಣ್ಣದ ನೀರು.

ಕಾಗಬೇನಿಯಲ್ಲಿ ನಾವಿಳಿದಿದ್ದ ಮನೆಯಾಕೆ, ಹೊತ್ತೇರಿದರೆ ಗಾಳಿ ನಿಲ್ಲಗೊಡದು, ಬೆಳಿಗ್ಗೆಯೇ ಹುಡುಕಿ ಎಂದಳು. ಕಪ್ಪಗೆ, ದುಂಡಗೆ, ನುಣುಪಾಗಿರಬೇಕು. ಅಂಚಿನಲ್ಲಿ ಸಣ್ಣ ಬಿರುಕಿದ್ದರೆ ಒಳಗೆ ಚಕ್ರ ಇರಬಹುದು ಎಂದು ಕಲಿಸಿಕೊಟ್ಟಳು. ಇವರು ಕಂಡ ಕಪ್ಪು ಕಲ್ಲನ್ನೆಲ್ಲ ಟವೆಲಿಗೆ ಕಟ್ಟಿಕೊಂಡರು. ಹದಿನಾಲ್ಕು ಕಲ್ಲು! ಹದಿನಾಲ್ಕೂ ಬರೀ ಕಲ್ಲೇ ಎಂದು ಆಕೆ ಆಮೇಲೆ ನಕ್ಕಳು.

ಎರಡು ಗಂಟೆ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿತು. ಕೂತು ಏಳುವಾಗ ಚಪ್ಪಲಿಯ ಪಕ್ಕದಲ್ಲೇ ಒಂದಿತ್ತು, ಅರ್ಧಕ್ಕೆ ಒಡೆದದ್ದು. ಒಳಗೆ ಚಕ್ಕುಲಿಯ ಹಾಗೆ ಸುರುಳಿ, ಸುರುಳಿಯ ಮೇಲೆ ಒತ್ತೊತ್ತಾಗಿ ಏಣು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಇವರು ನೋಡಿದರೇ ಎಂದು ತಿರುಗಿದೆ. ಅವರು ದೂರದಲ್ಲಿ ಹದಿನೈದನೆಯದನ್ನು ಹುಡುಕುತ್ತಿದ್ದರು. ಎತ್ತಿಕೊಂಡೆ. ತಣ್ಣಗಿತ್ತು, ಅಷ್ಟೇ.

ಅದು ಅಮ್ಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು ಎಂದು ಓದಿ ತಿಳಿದಿದ್ದೆ. ಹತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಆಕ್ಟೋಪಸ್ಸಿನ ಬಳಗದ ಈ ಪ್ರಾಣಿ ಬೆಳೆದಂತೆಲ್ಲ ಚಿಪ್ಪಿಗೊಂದು ಹೊಸ ಕೋಣೆ ಕಟ್ಟಿಕೊಂಡು, ತಾನು ಕಡೆಯ ಕೋಣೆಯಲ್ಲಿ ಇರುತ್ತಿತ್ತಂತೆ. ಸತ್ತು ತಳದ ಕೆಸರಿನಲ್ಲಿ ಹೂತುಹೋದವು ಕಲ್ಲಾದವು. ದಕ್ಷಿಣದಿಂದ ನಮ್ಮ ಭೂಭಾಗ ಬಂದು ಏಷ್ಯಾಕ್ಕೆ ಒತ್ತಿದಾಗ ಆ ತಳವೇ ಮಡಚಿಕೊಂಡು ಬೆಟ್ಟವಾಯಿತು. ನದಿ ಬೆಟ್ಟವನ್ನು ಕೊರೆದು ಕೆಳಗೆ ತರುತ್ತದೆ.

ಊರಿಗೆ ಬಂದು ಅದನ್ನು ಅತ್ತೆಯವರ ಅಂಗೈಯಲ್ಲಿಟ್ಟೆ. ಗಾಬರಿಯಾದರು. "ಏನೇ ಇದು, ನಾನು ಮುಟ್ಟಬಹುದೇನೇ?"

"ಪೂಜೆಯದ್ದಲ್ಲ ಅತ್ತೆ, ಹೊಳೇಲಿ ಸಿಕ್ಕಿದ್ದು. ಸಮುದ್ರದ ಪ್ರಾಣಿಯ ಚಿಪ್ಪು."

ಇವರು ಪೇಪರಿನಿಂದ ತಲೆಯೆತ್ತಿದರು, ಏನೂ ಹೇಳಲಿಲ್ಲ. ಅತ್ತೆ ಕನ್ನಡಕ ತರಿಸಿಕೊಂಡು ಸುರುಳಿಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದರು.

"ಅಲ್ಲಿ ನೀರಿಲ್ಲ ಅಂದೆಯಲ್ಲ?"

"ಹೊಳೆ ಬಿಟ್ಟರೆ ಬರೀ ಒಣನೆಲ."

"ಪಾಪ, ಸಮುದ್ರದ್ದು. ಒಂದು ಬಟ್ಟಲು ನೀರು ತಾರೇ," ಎಂದರು.